ನೀಲಿ ಸೋಪಿನ ಕಳ್ಳ

"ಇದೂ ನಿಮ್ಮ ಹೊಲದ್ದೇನಾ, ದೋನ್ ಎವೆಲಿಯೊ?" ಯಾನೆತ್ ಹಳದಿ ಕ್ಯಾನನ್ನು ಬಿಸಿಲಿಗೆ ಹಿಡಿದು ಕೇಳಿದಳು.

ಸಾಲಿನಲ್ಲಿ ನಿಂತಿದ್ದ ರೈತರು ಕಿಸಕ್ಕನೆ ನಕ್ಕರು. ಎವೆಲಿಯೊ ಊರಿನ ಕ್ಷೌರಿಕ. ಅವನಿಗೆ ಹೊಲವಿರಲಿ, ಒಂದು ಹೂಕುಂಡವೂ ಇರಲಿಲ್ಲ. ಆದರೂ ಈಚೆಗೆ ಪ್ರತಿ ಶನಿವಾರ ಬೆಳೆಗೆ ಔಷಧಿ ಹೊಡೆದು ಖಾಲಿಯಾದ ಕ್ಯಾನೊಂದನ್ನು ಕಂಕುಳಲ್ಲಿ ಇರುಕಿಕೊಂಡು ಸಂಘದ ಶೆಡ್ಡಿಗೆ ಹಾಜರಾಗುತ್ತಿದ್ದ.

ಆ ಸಂಘವನ್ನು ಕಟ್ಟಿದ್ದು ಔಷಧಿ ಮಾರುವ ಕಂಪನಿಗಳೇ. ಅದೂ ಮಾರಿದವರೇ ಖಾಲಿ ಕ್ಯಾನು ವಾಪಸು ತಗೊಳ್ಳಬೇಕೆಂದು ಸರ್ಕಾರ ಕಿವಿ ಹಿಂಡಿದ ಮೇಲೆ. ಸಾಂತಾಂದೇರಿನ ಈ ಗುಡ್ಡದ ಹಳ್ಳಿಗಳ ಪಾಲಿಗೆ ಯಾನೆತಳೇ ಸಂಘ. 'ಮೂರು ಸಲ ತೊಳೆಯಿರಿ, ತಳ ತೂತು ಮಾಡಿ, ತಂದು ಕೊಡಿ.' ಇದನ್ನು ಅವಳು ಶಾಲೆಯಲ್ಲಿ ಹೇಳಿದಳು, ಚರ್ಚಿನ ಮೆಟ್ಟಿಲ ಮೇಲೆ ಹೇಳಿದಳು, ಬಸ್ಸಿನಲ್ಲಿ ಹೇಳಿದಳು, ಮನೆಯಲ್ಲಿ ಊಟಕ್ಕೆ ಕೂತಾಗಲೂ ಬಿಡಲಿಲ್ಲ. ಬೇಕರಿಯವನ ಗಿಣಿ ಕೂಡ ಅದನ್ನು ಕಲಿತಿತ್ತು. ಆದರೆ ಗಿಣಿಗೆ ಬರುತ್ತಿದ್ದದ್ದು ಮೊದಲ ಮಾತು ಮಾತ್ರ.

ತೊಳೆದು, ತೂತು ಮಾಡಿ ತಂದವರಿಗೆ ಸಂಘದ ಮುದ್ರೆಯಿರುವ ನೀಲಿ ಸೋಪೊಂದು ಉಡುಗೊರೆ. ಎವೆಲಿಯೊನ ಕಣ್ಣು ಅದರ ಮೇಲೇ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಗಡ್ಡ ಹೆರೆಯುವವನಿಗೆ ಬಿಟ್ಟಿ ಸೋಪು ಬೇಡವೇ? ಆದರೆ ಕ್ಯಾನು ಎಲ್ಲಿಯದು? ಯಾರದೋ ಹಿತ್ತಿಲಿನಿಂದ ಎತ್ತಿದ್ದೇ ಇರಬೇಕು.

ಯಾನೆತ್ ತಳದ ತೂತಿಗೆ ಮೂಗು ಹಿಡಿದಳು. ಎಷ್ಟು ತೊಳೆದರೂ ಔಷಧಿಯ ಘಾಟು ಪೂರ್ತಿ ಹೋಗುವುದಿಲ್ಲ. ಈ ಕ್ಯಾನಿನಲ್ಲಿ ಆ ಘಾಟಿನ ಮೇಲೊಂದು ಸಿಹಿ ವಾಸನೆ. ತೂತಿನ ಅಂಚಿಗೆ ಇರುವೆ ಬೇರೆ ಹತ್ತಿದ್ದವು. ಸೋಪಿನ ಆತುರಕ್ಕೆ ಅಂಗಡಿಯ ಸುಗಂಧದ ನೀರು ಸುರಿದೇ ತೊಳೆದಿದ್ದಾನೆ ಎಂದುಕೊಂಡಳು.

ಮನುಷ್ಯ ಬದಲಾಗಿದ್ದ, ಅದಂತೂ ನಿಜ. ಶನಿವಾರದ ಬೆಳಗಿನ ಪೂಜೆಗೆ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದ. ಯಾನೆತಳ ತಾಯಿ ದೋನ್ಯಾ ಎರ್ಮೆಲಿನಾ ಬಸ್ಸು ನಿಲ್ಲುವ ಜಾಗದಲ್ಲಿ ಗುವಾರಾಪೊ ಎಂಬ ಹುಳಿಪಾನಕ ಮಾರುತ್ತಿದ್ದಳು. ಎವೆಲಿಯೊ ಅವಳ ಎಲ್ಲರಿಗಿಂತ ಹಳೆಯ ಗಿರಾಕಿ. ಹಿಂದೊಮ್ಮೆ ಅವಳನ್ನು ಮದುವೆಗೂ ಕೇಳಿ ಬೈಸಿಕೊಂಡಿದ್ದ. ಅಂಥವನು ಈಗ ಪಾನಕದ ಲೋಟ ಮುಟ್ಟದೆ, ಕಪ್ಪು ಕಾಫಿ ಕುಡಿದು ಎದ್ದು ಹೋಗುತ್ತಿದ್ದ. ದೇವರನ್ನು ಬಿಟ್ಟರೂ ಬಿಡಬಹುದು, ಎರ್ಮೆಲಿನಾಳ ಪಾನಕ ಬಿಟ್ಟನೆಂದರೆ ಮನಸ್ಸಿನಲ್ಲಿ ಏನೋ ಕಳ್ಳತನವಿದೆ ಎಂದು ಜನ ಆಡಿಕೊಂಡರು.

ಯಾನೆತಳಿಗೆ ಅವನ ಮೇಲೆ ಪ್ರೀತಿಯೇ ಇತ್ತು. ತಂದೆಯಿಲ್ಲದ ಅವಳ ತಲೆಗೂದಲನ್ನು ಮೊದಲ ಸಲ ಕತ್ತರಿಸಿದವನು, ಅವಳು ಅತ್ತಾಗ ಎತ್ತಿಕೊಂಡು ಅಂಗಡಿಯ ಕನ್ನಡಿ ತೋರಿಸಿದವನು ಅವನೇ. ಆದರೆ ಸಂಘದ ದೊಡ್ಡವರು ರಾಜಧಾನಿಯಿಂದ ಬರುವವರಿದ್ದರು. ಕದ್ದ ಕ್ಯಾನಿಗೆ ಸೋಪು ಕೊಟ್ಟದ್ದು ಗೊತ್ತಾದರೆ ಶೆಡ್ಡಿಗೆ ಬೀಗ ಬೀಳುತ್ತಿತ್ತು.

"ಎಲ್ಲಿಂದ ತಂದ್ರಿ, ಹೇಳ್ಬಿಡಿ."

ಅವನು ಏನೋ ಹೇಳಲು ಬಾಯಿ ತೆರೆದ. ಸಾಲಿನತ್ತ ನೋಡಿದ. ಬಾಯಿ ಮುಚ್ಚಿದ.

"ಕೇಳ್ಬೇಡ ಮಗಳೇ. ಕೇಳಿದ್ರೆ ಹೇಳ್ಬೇಕಾಗತ್ತೆ. ತಗೊಂಡು ಪುಡಿ ಮಾಡ್ಬಿಡು, ಅಷ್ಟು ಸಾಕು ನಂಗೆ."

"ಅಂದ್ರೆ ಕದ್ದಿದ್ದು."

ಎವೆಲಿಯೊ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಹ್ಞೂಂ. ಕದ್ದಿದ್ದೇ."

ಸಾಲು ಗೊಳ್ಳೆಂದಿತು. ಇನ್ನು ಇವನ ಕುರ್ಚಿಯಿಂದ ಏಳುವಾಗ ಎರಡೂ ಕಿವಿ ಇವೆಯೇ ಎಂದು ಮುಟ್ಟಿ ನೋಡಿಕೊಂಡೇ ಏಳಬೇಕು ಎಂದ ಟೊಮೆಟೊ ಬೆಳೆಯುವ ರೊಸೆಂದೊ. ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ.

ಯಾನೆತ್ ಸೋಪು ಕೊಡಲಿಲ್ಲ. ಇನ್ನು ಶೆಡ್ಡಿನ ಕಡೆ ತಲೆ ಹಾಕಬೇಡಿ ಎಂದಳು, ಎಲ್ಲರಿಗೂ ಕೇಳುವ ಹಾಗೆ. ಅವನು ಕ್ಯಾನು ಶೆಡ್ಡಿನ ಯಂತ್ರದೊಳಗೆ ಹೋಗಿ ಚೂರಾಗುವವರೆಗೂ ನಿಂತು ನೋಡಿದ. ಆಮೇಲೆ ಟೋಪಿ ಹಾಕಿಕೊಂಡು ಹೊರಟುಹೋದ.

ಕಳ್ಳನೆಂಬ ಹೆಸರು ಹೊತ್ತ ಕ್ಷೌರಿಕನ ಕತ್ತಿಗೆ ಯಾರು ಕತ್ತು ಕೊಡುತ್ತಾರೆ? ಶನಿವಾರವೆಂದರೆ ಅವನ ಅಂಗಡಿಯಲ್ಲಿ ಜಾತ್ರೆ. ಆ ಮಧ್ಯಾಹ್ನ ಕುರ್ಚಿ ಖಾಲಿ ಬಿದ್ದಿತ್ತು, ಅವನೊಬ್ಬನೇ ಬಾಗಿಲಲ್ಲಿ ಕೂತಿದ್ದ. ಆ ದಾರಿಯಲ್ಲೇ ಹಾದುಹೋದ ಯಾನೆತ್ ಮುಖ ತಿರುಗಿಸಿ ಹೆಜ್ಜೆ ಬಿರುಸು ಮಾಡಿದಳು. ತಪ್ಪು ಯಾರು ಮಾಡಿದರೂ ತಪ್ಪೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮನೆಗೆ ಬಂದರೆ ತಾಯಿ ಎಂದಿನಂತೆ ಮಗಳ ಕೈಗೆ ಒಂದು ಲೋಟ ಗುವಾರಾಪೊ ಇಟ್ಟು, ಎಂದಿನಂತೆ ಗೊಣಗತೊಡಗಿದಳು. ಹಿತ್ತಿಲಿಗೆ ಕಳ್ಳ ಬರುತ್ತಾನೆಂಬ ಅವಳ ದೂರು ಹಳೆಯದು. ಊರಿಗೆಲ್ಲ ಬುದ್ಧಿ ಹೇಳುವ ಭರದಲ್ಲಿ ಮಗಳು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

"ಇವತ್ತೂ ಚರ್ಚಿಗೆ ಹೋಗ್ಬರೋಷ್ಟ್ರಲ್ಲಿ ಬಂದು ಹೋಗಿದಾನೆ. ಗುವಾರಾಪೊಗೆ ಹುಳಿ ಬರ್ಲಿ ಅಂತ ಇಟ್ಟಿದ್ದ ಬೆಲ್ಲದ ನೀರೆಲ್ಲ ಬಚ್ಚಲಿಗೆ ಸುರಿದು ಹಳದಿ ಕ್ಯಾನು ಎತ್ಕೊಂಡ್ ಹೋದ. ರೊಸೆಂದೊ ಕೊಟ್ಟಿದ್ದ ಗಟ್ಟಿ ಕ್ಯಾನು ಕಣೇ, ಒಂದು ತೊಟ್ಟೂ ಸೋರ್ತಿರ್ಲಿಲ್ಲ. ಪ್ರತಿ ಸಲಾನೂ ಅದರ ಜಾಗದಲ್ಲಿ ಇವೆರಡು ಇಟ್ಟು ಹೋಗ್ತಾನೆ, ಹುಚ್ಚು ಮುಂಡೇದು."

ಮೇಜಿನ ಮೇಲೆ ಹೊಚ್ಚ ಹೊಸ ಗಾಜಿನ ಭರಣಿಯೊಂದು ಇತ್ತು. ಅದರ ಪಕ್ಕದಲ್ಲಿ ಸಂಘದ ಮುದ್ರೆಯ ನೀಲಿ ಸೋಪು, ಹೋದ ಶನಿವಾರ ಅವಳೇ ಶೆಡ್ಡಿನಲ್ಲಿ ಕೊಟ್ಟಿದ್ದಂಥದ್ದು.

ಯಾನೆತಳ ಕೈಯ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

"ಅದ್ಯಾಕೆ ಹಂಗೆ ನೋಡ್ತೀಯ?" ಎಂದಳು ತಾಯಿ. "ನೀನು ಹೇಳ್ಕೊಟ್ಟ ಹಾಗೇ ಕ್ಯಾನು ಮೂರು ಸಲ ತೊಳೆದೇ ತುಂಬ್ಸಿದ್ದು."