ಕಂಟ್ರೋಲ್ ಎಸ್

"ಸಿಸ್ಟರ್, ಪ್ರೋಗ್ರಾಮ್ ತಾನಾಗೇ ಯಾರ ಹೆಸರನ್ನೂ ಅಳಿಸಲ್ಲ. ಯಾರಾದ್ರೂ ಅಳಿಸಿದ್ರೆ ಮಾತ್ರ ಹೋಗತ್ತೆ," ಎಂದ ಯೋಗಾನಂದ. ತಲೆಯ ಮೇಲಿನ ಹೆಲ್ಮೆಟ್ಟನ್ನು ಅವನು ಇನ್ನೂ ತೆಗೆದಿರಲಿಲ್ಲ. ಈ ವಾರದಲ್ಲಿ ಇದು ಮೂರನೆಯ ಕರೆ.

"ಹಂಗಾದ್ರೆ ಇವರ ಹೆಸರು ಎಲ್ಲಿ ಹೋಯ್ತಪ್ಪ?" ನರ್ಸ್ ದ್ರೌಪದಮ್ಮ ಬೆಂಚಿನ ಕಡೆ ಕೈ ತೋರಿಸಿದರು. ಅಲ್ಲಿ ಮುನಿಶಾಮಪ್ಪ ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಬಾಯಿ ತೆರೆದು ಉಸಿರಾಡುತ್ತ ಕುಳಿತಿದ್ದರು. ಪಾದಗಳು ಚಪ್ಪಲಿಗೆ ಹಿಡಿಸದಷ್ಟು ಊದಿದ್ದವು. ಸೋಲದೇವನಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದವರು. "ಬುದವಾರ ಅನ್ನೊಂದು ಗಂಟೆ ನಂದೇಯ," ಎಂದು ಅವರು ಆಗಲೇ ನಾಲ್ಕು ಸಲ ಹೇಳಿದ್ದರು. ಆದರೆ ಪಟ್ಟಿಯಲ್ಲಿ ಆ ಜಾಗ ಖಾಲಿ ಎಂದು ತೋರಿಸಿತ್ತು. ಮುಂದಿನ ಕೌಂಟರಿನವರು ಅದನ್ನು ಬೆಳಿಗ್ಗೆಯೇ ಬೇರೊಬ್ಬರಿಗೆ ಕೊಟ್ಟುಬಿಟ್ಟಿದ್ದರು.

ಯಲಹಂಕದ ಆ ಡಯಾಲಿಸಿಸ್ ಕೇಂದ್ರ ಒಂದು ಸಣ್ಣ ಟ್ರಸ್ಟಿನದು. ಯಾರೋ ದಾನ ಕೊಟ್ಟಿದ್ದ ಹಳೆಯ ಕಂಪ್ಯೂಟರುಗಳಲ್ಲಿ ಚಿತ್ರ, ಬಣ್ಣ, ಮೌಸು ಯಾವುದೂ ನೆಟ್ಟಗೆ ಓಡುತ್ತಿರಲಿಲ್ಲ. ಹಾಗಾಗಿ ಯೋಗಾನಂದ ಬರೀ ಅಕ್ಷರಗಳಲ್ಲೇ ನಡೆಯುವ ಪ್ರೋಗ್ರಾಮನ್ನು ಪುಕ್ಕಟೆಯಾಗಿ ಬರೆದುಕೊಟ್ಟಿದ್ದ. ಕಪ್ಪು ಪರದೆ, ಬಿಳಿ ಅಕ್ಷರ, ಗೆರೆ ಎಳೆದ ಅಚ್ಚುಕಟ್ಟಾದ ಚೌಕಗಳು. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಅದನ್ನು ಬಳಸುವವರ ಬಗ್ಗೆ ಮಾತ್ರ ತಲೆನೋವು.

ಯಾರು ಯಾವಾಗ ಏನು ಮಾಡಿದರೆಂದು ಪ್ರೋಗ್ರಾಮು ಬರೆದಿಡುವ ಫೈಲನ್ನು ಅವನು ತೆರೆದ. "ನೋಡಿ. ನಿನ್ನೆ ಸಂಜೆ ಐದು ಹನ್ನೆರಡಕ್ಕೆ ಡಿಲೀಟ್. ಮುನಿಶಾಮಪ್ಪ, ಬುಧವಾರ, ಹನ್ನೊಂದು ಗಂಟೆ. ಗ್ಯಾರಂಟಿನಾ ಅಂತ ಪ್ರೋಗ್ರಾಮು ಕೇಳಿದೆ, ನೀವು ಹೂಂ ಅಂದಿದೀರಿ."

"ನನ್ನನ್ನ ಅದು ಏನೂ ಕೇಳಿಲ್ಲ."

"ಕೇಳಿದೆ ಸಿಸ್ಟರ್. ಇಲ್ಲಿ ಬರೆದಿದೆ."

"ಐದು ಗಂಟೆಗೆ ಅದು ಮಾತೇ ಆಡ್ತಿರ್ಲಿಲ್ವಲ್ಲಪ್ಪ. ಸೇವ್ ಮಾಡೋಣ ಅಂತ ಕಂಟ್ರೋಲ್ ಎಸ್ ಒತ್ತಿದೆ, ನಿಂತೋಯ್ತು. ಬಾಣದ ಗುರುತು ಒತ್ತಿದೆ, ಡಿಲೀಟು ಒತ್ತಿದೆ, ಎಂಟರ್ ಒತ್ತಿದೆ, ಸಿಕ್ಕಿದ್ದೆಲ್ಲ ಒತ್ತಿದೆ. ಅಲ್ಲಾಡ್ಲಿಲ್ಲ. ಆಮೇಲೆ ನಿಂಗೆ ಫೋನ್ ಮಾಡಿದೆ. ಕಂಟ್ರೋಲ್ ಕ್ಯೂ ಒತ್ತಿ ಅಂತ ನೀನು ಬೈದು ಫೋನ್ ಇಟ್ಟೆ."

"ಕಂಟ್ರೋಲ್ ಎಸ್ ಒತ್ಬೇಡಿ, ಎಫ್ ಟೂ ಒತ್ತಿ ಅಂತ ಎಷ್ಟ್ ಸಲ ಹೇಳಿದೀನಿ? ಕೆಳಗಡೆ ಸಾಲಲ್ಲೇ ಬರೆದಿದೆ. ಮೂರು ತಿಂಗಳಾಯ್ತು."

"ಕಂಪ್ಯೂಟರ್ ಕ್ಲಾಸಲ್ಲಿ ಹೇಳ್ಕೊಟ್ಟಿದ್ದು ಅದು. ಈ ಕಡೆ ಒಬ್ರಿಗೆ ಬಿಪಿ ಇಳೀತಿರತ್ತೆ, ಆ ಕಡೆ ಮಿಷನ್ ಕೂಗ್ತಿರತ್ತೆ. ಆಗ ಕೆಳಗಡೆ ಸಾಲು ಯಾರು ಓದ್ತಾರೆ? ಕೈ ಅಭ್ಯಾಸ ಇರೋ ಕಡೆ ಹೋಗತ್ತೆ."

ಯೋಗಾನಂದ ಇನ್ನೇನೋ ರೇಗಬೇಕೆಂದು ಬಾಯಿ ತೆರೆದವನು ಫೈಲಿನ ಆ ಸಾಲನ್ನು ಮತ್ತೆ ನೋಡಿದ. ಅವನಿಗೆ ಗೊತ್ತಿದ್ದ ಸಂಗತಿಯೇ ಅದು. ಇಂಥ ಪರದೆಗೆ ಕಂಟ್ರೋಲ್ ಎಸ್ ಎಂದರೆ ಉಳಿಸು ಎಂದಲ್ಲ, ತೋರಿಸುವುದನ್ನು ನಿಲ್ಲಿಸು ಎಂದು; ಕಂಟ್ರೋಲ್ ಕ್ಯೂ ಎಂದರೆ ಮತ್ತೆ ತೋರಿಸು ಎಂದು. ನಲವತ್ತು ವರ್ಷದ ಹಿಂದಿನ ಕಟ್ಟಳೆ. ನಿಲ್ಲುವುದು ತೋರಿಸುವುದು ಮಾತ್ರ. ಒತ್ತಿದ ಕೀಗಳೆಲ್ಲ ಒಳಗೆ ಹೋಗುತ್ತಲೇ ಇರುತ್ತವೆ. ಅಳಿಸಬೇಕೆ ಎಂದು ಪ್ರೋಗ್ರಾಮು ಕೇಳಿದ್ದು ನಿಜ. ಆ ಪ್ರಶ್ನೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಾಬರಿಯಲ್ಲಿ ಒತ್ತಿದ ಒಂದು ಎಂಟರ್ ಹೌದು ಎಂದಿತ್ತು.

ಪ್ರೋಗ್ರಾಮಿನಲ್ಲಿ ಆ ಕಟ್ಟಳೆಯನ್ನು ತೆಗೆದುಹಾಕುವುದು ಎರಡು ಸಾಲಿನ ಕೆಲಸ. ಮೊದಲ ದಿನವೇ ಅದು ಅವನ ತಲೆಗೆ ಬಂದಿತ್ತು. ಟರ್ಮಿನಲ್, ಅಂದರೆ ಬರೀ ಅಕ್ಷರದ ಪರದೆ, ಅಂದ ಮೇಲೆ ಬಳಸುವವರೇ ಅದರ ರೀತಿಯನ್ನು ಕಲಿಯಲಿ ಎಂದುಕೊಂಡಿದ್ದ. ತನ್ನ ಆಫೀಸಿನಲ್ಲಿ ದ್ರೌಪದಮ್ಮನ ಫೋನ್ ಕರೆಗಳನ್ನು ಅಣಕಿಸಿ ಗೆಳೆಯರನ್ನು ನಗಿಸಿಯೂ ಇದ್ದ.

ಹೆಲ್ಮೆಟ್ ತೆಗೆದು ನೆಲಕ್ಕಿಟ್ಟು ಕುಳಿತ. ಅವನು ಟೈಪು ಮಾಡುತ್ತಿದ್ದಾಗ ಪಕ್ಕದಲ್ಲೇ ನಿಂತು ದ್ರೌಪದಮ್ಮ ಪುಟ್ಟೇನಹಳ್ಳಿಯ ಒಬ್ಬರಿಗೆ ಫೋನ್ ಮಾಡಿದರು. "ನಿಮ್ದು ಎರಡು ಗಂಟೆದು ಸಂಜೆ ಆರಕ್ಕೆ ಹಾಕ್ಲಾ ಅಣ್ಣ? ಇಲ್ಲಿ ಒಬ್ರು ಹಿರೀಕರಿಗೆ ತುಂಬ ಉಸಿರು ಕಟ್ತಿದೆ... ತಪ್ಪು ನಂದೇ, ನೋಡ್ದೆ ಅಳಿಸಿಬಿಟ್ಟೆ." ಯೋಗಾನಂದನ ಬೆರಳು ಒಂದು ಕ್ಷಣ ಕೀಬೋರ್ಡಿನ ಮೇಲೆ ನಿಂತಿತು. ಆಮೇಲೆ ಮತ್ತೆ ಓಡಿತು.

ಹತ್ತೇ ನಿಮಿಷ. "ಈಗ ಒತ್ತಿ," ಎಂದ.

"ಯಾವ್ದು? ಎಫ್ ಟೂನಾ?"

"ಇಲ್ಲ. ನೀವು ಯಾವಾಗ್ಲೂ ಒತ್ತೋದು."

ದ್ರೌಪದಮ್ಮ ಅನುಮಾನದಿಂದಲೇ ಕಂಟ್ರೋಲ್ ಎಸ್ ಒತ್ತಿದರು. 'ಸೇವ್ಡ್' ಎಂಬ ಮಾತು ಪರದೆಯ ನಟ್ಟನಡುವೆ ಮೂಡಿತು. ಅವರು ಅದನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಎರಡು ಗಂಟೆಗೆ ಮುನಿಶಾಮಪ್ಪನವರನ್ನು ಹಾಸಿಗೆಗೆ ಕರೆದೊಯ್ದು ಸೂಜಿ ಚುಚ್ಚಿದರು. ಅಲ್ಲಿಯವರೆಗೂ ಯೋಗಾನಂದ ಹೋಗದೆ ಅಲ್ಲೇ ಇದ್ದ. ರಕ್ತ ಕೊಳವೆಯೊಳಗೆ ಏರತೊಡಗಿದ ಮೇಲೆ ಹಿರಿಯರು ಅವನನ್ನು ಹತ್ತಿರ ಕರೆದರು.

"ಆ ಕಂಪ್ಯೂಟ್ರು ರಿಪೇರಿಗ್ ಬಂದೋನು ನೀನೇನಾ?"

"ಹೌದು ತಾತ."

"ಏನಾಗಿತ್ತಪ್ಪ ಅದುಕ್ಕೆ?"

ಆಚೆ ದ್ರೌಪದಮ್ಮ ಇನ್ನೊಬ್ಬರ ಬಿಪಿ ನೋಡುತ್ತಿದ್ದರು. "ಅದಕ್ಕೇನೂ ಆಗಿರ್ಲಿಲ್ಲ ತಾತ," ಎಂದ ಯೋಗಾನಂದ.

ಮುನಿಶಾಮಪ್ಪ ದಿಂಬಿನ ಮೇಲೆ ತಲೆ ಹೊರಳಿಸಿ ಅವನ ಮುಖ ನೋಡಿದರು.

"ಅಂಗಾದ್ರೆ ಇಷ್ಟೊತ್ತು ರಿಪೇರಿ ಮಾಡಿದ್ದು ಏನ್ನ?"