ಎರಡನೇ ಜಡೆ

ಲ್ಯಾಬಿನ ಮೈಕ್ರೋಸ್ಕೋಪ್ ಬೀಳಿಸಿದ್ದು ಸುಕನ್ಯ. ಮಿಸ್ ಮುಂದೆ ಅವಳು ಹೇಳಿದ್ದು ಸಹಪಾಠಿ ಸೆಲ್ವಿಯ ಹೆಸರು. ಸೆಲ್ವಿ ಬೆಳಗಿನಿಂದ ತರಗತಿಯ ಹೊರಗೆ ನಿಂತಿದ್ದಳು.

ಊಟದ ಬಿಡುವಿನಲ್ಲಿ, ಹಲಸೂರಿನ ಆ ಶಾಲೆಯ ಹಿಂಬದಿ ಮೆಟ್ಟಿಲ ಮೇಲೆ, ಸುಕನ್ಯ ಎಂದಿನಂತೆ ಗೆಳತಿ ವಾಜಿದಾಗೆ ಜಡೆ ಹಾಕುತ್ತಿದ್ದಳು. ಒಂದು ಮುಗಿದಿತ್ತು, ಇನ್ನೊಂದರ ಮೂರು ಎಳೆ ಅವಳ ಬೆರಳಲ್ಲಿತ್ತು. "ಮಿಸ್ ಕೇಳಿದ್ರೆ ನೀನೂ ಸೆಲ್ವಿ ಅಂತಾನೇ ಹೇಳು."

"ನೀನು ಬೀಳಿಸಿದ್ದನ್ನ ನೋಡಿದೀನಿ ಕಣೇ."

"ನಿನ್ ಫ್ರೆಂಡು ನಾನಾ, ಅವಳಾ?" ಕೂದಲು ಬಿಗಿಯಾಯಿತು. "ಹೇಳ್ದೆ ಇದ್ರೆ ಜಡೆ ಅರ್ಧಕ್ಕೇ ಬಿಡ್ತೀನಿ, ಹಂಗೇ ಹೋಗು."

ವಾಜಿದಾ ತಲೆ ಕೊಸರಿಕೊಳ್ಳಲಿಲ್ಲ. ಐದನೇ ಕ್ಲಾಸಿನಿಂದ ಅವಳ ಕೂದಲನ್ನು ಅಮ್ಮಿಗಿಂತ ಚೆನ್ನಾಗಿ ಬಲ್ಲ ಬೆರಳುಗಳು ಅವು. ಮಡಿಲಲ್ಲಿದ್ದ ಕೆಂಪು ರಿಬ್ಬನ್ನನ್ನು ಹಿಂದಕ್ಕೆ ಚಾಚಿದಳು.

"ಸೆಲ್ವಿ ಹೆಸರು ನಾನು ಹೇಳಲ್ಲ. ಗಟ್ಟಿಯಾಗಿ ಕಟ್ಟು. ನಿಜ ಹೇಳೋಕೆ ಮಿಸ್ ಹತ್ರ ನಿನ್ ಜೊತೆ ನಾನೂ ಬರ್ತೀನಿ."