ಕೂಗಿದರೂ ಓಗೊಡದ ಹಾದಿ

ಯಾವ ಊರಿನಲ್ಲಾದರೂ ಅಷ್ಟೇ, ತನಗೆ ಒಪ್ಪುವ ಹೆಸರು ಹಿಡಿದು ಕರೆಯದ ಹೊರತು ಹಾದಿ ತನ್ನ ಗೇಟು ತೆರೆಯುವುದಿಲ್ಲ. ರೈಲು ಓಡಾಟ ನಿಂತ ಮೇಲೆ ಹಳಿ ಕಿತ್ತು ಮಾಡಿದ ಈ ವಾಕಿಂಗ್ ಹಾದಿಯೂ ತೆರೆಯಲಿಲ್ಲ. ನಾಮಕರಣ ಅಧಿಕಾರಿ ಹಿರೇಗೌಡರ ಸಾಹೇಬರು "ಹಸಿರು ಸಿರಿ ಪಥ!" ಎಂದು ಏಳನೆಯ ಸಲ ಕೂಗಿ ಬೆವರೊರೆಸಿಕೊಂಡರು.

ಜನರ ಹಿಂದೆ ನಿಂತಿದ್ದ ಕಸ್ತೂರಿ ಹಲ್ಲು ಕಚ್ಚಿದಳು. ಆಗ ಇಲ್ಲಿದ್ದ ಹಳಿಯ ಬೋಲ್ಟುಗಳನ್ನು ಸುತ್ತಿಗೆಯಿಂದ ಬಡಿದು ನೋಡುತ್ತ ಅವಳ ಅವ್ವ ಇಪ್ಪತ್ತೆರಡು ವರ್ಷ ನಡೆದಿದ್ದಳು, ಇಲ್ಲೇ ಬಿಸಿಲಿಗೆ ಬಿದ್ದು ಸತ್ತಿದ್ದಳು. ಹಾದಿಗೆ ಅವ್ವನ ಹೆಸರಿಡಿ ಎಂದು ಅರ್ಜಿ ಕೊಟ್ಟಾಗಲೆಲ್ಲ ಇದೇ ಸಾಹೇಬರು, "ಕೂಲಿ ಹೆಂಗಸಿನ ಹೆಸರು ಬೋರ್ಡಿನ ಮ್ಯಾಲೆ ಛಲೋ ಕಾಣ್ತದೇನವಾ?" ಎಂದು ನಕ್ಕು ಅದನ್ನು ಬುಟ್ಟಿಗೆ ಎಸೆದಿದ್ದರು. ಅವಳು ಪ್ರತಿಸಲವೂ ಬಾಯಿ ಬಿಡದೆ ಮನೆಗೆ ಬಂದಿದ್ದಳು.

ಈಗ ಜನರನ್ನು ಸರಿಸಿಕೊಂಡು ಹೋಗಿ ಗೇಟಿಗೆ ಬಾಯಿ ಹಚ್ಚಿ, "ಫಕ್ಕೀರವ್ವ" ಎಂದು ಪಿಸುಗುಟ್ಟಿದಳು. ಗೇಟು ಅವಳೊಬ್ಬಳೇ ತೂರುವಷ್ಟು ತೆರೆದು, ಅವಳ ಹಿಂದೆಯೇ ಮುಚ್ಚಿಕೊಂಡಿತು.

"ಏ ತಂಗಿ, ಏನಂದಿ? ಜೋರಾಗಿ ಹೇಳವಾ!" ಸಾಹೇಬರು ಸರಳು ಹಿಡಿದು ಅಲುಗಾಡಿಸಿದರು.

ಕಸ್ತೂರಿ ತಿರುಗಿ ನಿಂತಳು. ಅವಳ ದನಿ ಮೊದಲ ಸಲ ಕಡೆಯ ಸಾಲಿನವರಿಗೂ ಕೇಳಿಸಿತು.

"ನಾಕ್ ಸಲ ಬರದ್ ಕೊಟ್ಟೇನ್ರಿ ಸಾಹೇಬ್ರ. ಹೋಗಿ ನಿಮ್ಮ ಕಸದ ಬುಟ್ಟ್ಯಾಗ ಹುಡುಕ್ರಿ."